ಓಟು ಹಾಕುವ ಮುನ್ನ ಸಾಲದ ಲೆಕ್ಕ ಕೇಳು

ಪುಟ್ಟಿ,

ಅಮೆರಿಕದ ಪ್ರಜೆಯಾಗಿ ಪ್ರಮಾಣ ಸ್ವೀಕರಿಸಿದ ಮೇಲೆ ನೀನು ನನ್ನನ್ನು ಕೇಳಿದ ಮೊದಲ ಪ್ರಶ್ನೆ, “ಮಾವ, ಅಧ್ಯಕ್ಷರ ಚುನಾವಣೆ ಬಂದಾಗ ಯಾರಿಗೆ ಓಟು ಹಾಕಲಿ?” ಅಂತ. ಯಾರಿಗೆ ಅಂತ ನಾನು ಹೇಳುವುದಿಲ್ಲ ಕಣಮ್ಮ, ನಿನ್ನ ಓಟು ನಿನ್ನದು. ನಾನು ಯಾವ ಕಡೆಯವನು ಅನ್ನುವುದು ನಿನಗೆ ಗೊತ್ತೇ ಇದೆ. ಸರ್ಕಾರ ತನ್ನ ಮಿತಿಯಲ್ಲಿರಬೇಕು, ಖರ್ಚಿಗೆ ಲಗಾಮಿರಬೇಕು, ದುಡಿದವರ ದುಡ್ಡು ಆದಷ್ಟೂ ದುಡಿದವರ ಕೈಯಲ್ಲೇ ಉಳಿಯಬೇಕು ಎಂದು ನಂಬಿದವನು ನಾನು. ಅದಕ್ಕೇ ಒಹಾಯೊ ರಾಜ್ಯದಲ್ಲಿ ಇಷ್ಟು ಕಾಲ ರಿಪಬ್ಲಿಕನ್ ಪಕ್ಷಕ್ಕೆ ಓಟು ಹಾಕುತ್ತ ಬಂದಿದ್ದೇನೆ. 2024ರಲ್ಲೂ ಹಾಕಿದೆ.

ಹಾಗಂತ ನನ್ನ ಪಕ್ಷವನ್ನು ನಿನ್ನ ಕೊರಳಿಗೆ ಕಟ್ಟುವ ಆಸೆ ನನಗಿಲ್ಲ. ದುಡ್ಡುಕಾಸಿನ ವಿಷಯದಲ್ಲಿ ಒಬ್ಬ ಅಭ್ಯರ್ಥಿಯನ್ನು ಹೇಗೆ ತೂಗಿ ನೋಡಬೇಕು ಅನ್ನುವುದನ್ನಷ್ಟೇ ಹೇಳುತ್ತೇನೆ. ಅಧ್ಯಕ್ಷನಾಗಲು ಹೊರಟವನು ಏನೇನು ಕೊಡುತ್ತೇನೆ ಅನ್ನುತ್ತಾನೆ ಅನ್ನುವುದನ್ನು ಎಲ್ಲರೂ ಕೇಳುತ್ತಾರೆ. ಅದರ ಹಣ ಯಾರು ಕಟ್ಟಬೇಕು, ಯಾವಾಗ ಕಟ್ಟಬೇಕು ಅನ್ನುವುದನ್ನು ನೀನು ಕೇಳು. ಎದುರು ಪಕ್ಷದವರನ್ನು ಕೇಳುವುದು ಸುಲಭ. ನಿನಗೆ ಹಿಡಿಸಿದ ಅಭ್ಯರ್ಥಿಯನ್ನು ಇನ್ನೂ ಗಟ್ಟಿಯಾಗಿ ಕೇಳು.

ನನ್ನ ನಂಬಿಕೆ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅದನ್ನು ನಾನು ಅಮೆರಿಕದಲ್ಲಿ ಕಲಿತದ್ದಲ್ಲ, ಇಲ್ಲಿಗೆ ಬರುವಾಗಲೇ ಜೊತೆಗಿತ್ತು. ನಾನೂ ನಿಮ್ಮಮ್ಮನೂ ಬೆಳೆದ ದಾವಣಗೆರೆ ಹತ್ತಿ ಗಿರಣಿಗಳ ಊರು. ಆಗ ಸಿಮೆಂಟಿಗೆ ಪರ್ಮಿಟ್ಟು, ಸಕ್ಕರೆಗೆ ಕಾರ್ಡು. ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು, ಟೆಲಿಫೋನಿಗೆ ಅರ್ಜಿ ಹಾಕಿದವರು ಅದನ್ನು ಮರೆತೇಬಿಡಬೇಕು. ಒಂದು ಕಾರ್ಖಾನೆ ಎಷ್ಟು ಸಾಮಾನು ತಯಾರಿಸಬಹುದು ಅನ್ನುವುದನ್ನೂ ದಿಲ್ಲಿಯ ಯಾವುದೋ ಮೇಜಿನ ಹಿಂದೆ ಕೂತ ಅಧಿಕಾರಿ ಬರೆದುಕೊಡುತ್ತಿದ್ದ. 1973-74ರಲ್ಲಿ ಅತಿ ಹೆಚ್ಚಿನ ಆದಾಯದ ಮೇಲಿನ ತೆರಿಗೆ ಸರ್ಚಾರ್ಜ್ ಸೇರಿ ಶೇಕಡಾ 97.75 ಇತ್ತು. ಆ ಮಟ್ಟ ತಲುಪಿದವನು ಮೇಲೆ ಗಳಿಸಿದ ನೂರು ರೂಪಾಯಿಯಲ್ಲಿ ಕೈಗೆ ದಕ್ಕುತ್ತಿದ್ದದ್ದು ಎರಡೂ ಕಾಲು ರೂಪಾಯಿ. ಇದೆಲ್ಲ ಬಡವರ ಹೆಸರಿನಲ್ಲೇ ನಡೆಯಿತು, ಬಡವರಿಗೆ ಸಿಕ್ಕಿದ್ದು ಮಾತ್ರ ಸರತಿಯ ಸಾಲು. 1991ರ ಜುಲೈನಲ್ಲಿ ಪ್ರಧಾನಿ ನರಸಿಂಹರಾವ್ ಮತ್ತು ಹಣಕಾಸು ಸಚಿವ ಮನಮೋಹನ್ ಸಿಂಗ್ ಆ ಲೈಸೆನ್ಸ್ ಪದ್ಧತಿಯ ಬಹುಭಾಗವನ್ನು ಕಿತ್ತುಹಾಕಿದರು. ನೀನು ಓದಿ, ಕೆಲಸ ಹಿಡಿದ ಬೆಂಗಳೂರು ಅಷ್ಟೆತ್ತರಕ್ಕೆ ಬೆಳೆದದ್ದು ಅದಾದ ಮೇಲೆ. ಸರ್ಕಾರ ದಾರಿ ಬಿಟ್ಟರೆ ಜನ ಎಷ್ಟು ದೂರ ನಡೆಯುತ್ತಾರೆ ಅನ್ನುವುದಕ್ಕೆ ನಿನ್ನ ಬದುಕೇ ಸಾಕ್ಷಿ.

ಇನ್ನು ಅಮೆರಿಕದ ಮಾತು. 1980ರಲ್ಲಿ ನನಗಿನ್ನೂ ಓಟಿನ ಹಕ್ಕಿರಲಿಲ್ಲ, ಆದರೆ ಕಣ್ಣು ಕಿವಿ ಇದ್ದವು. ಆ ವರ್ಷ ಇಲ್ಲಿ ಬೆಲೆಗಳು ಸರಾಸರಿ ಶೇಕಡಾ 13.5ರಷ್ಟು ಏರಿದವು. ಅಕ್ಟೋಬರ್ 28ರಂದು ನಮ್ಮದೇ ರಾಜ್ಯದ ಕ್ಲೀವ್‌ಲೆಂಡಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮತ್ತು ರಿಪಬ್ಲಿಕನ್ ಅಭ್ಯರ್ಥಿ ರೊನಾಲ್ಡ್ ರೇಗನ್ ಎದುರುಬದುರು ನಿಂತು ಚರ್ಚೆ ಮಾಡಿದರು. ಕೊನೆಯಲ್ಲಿ ರೇಗನ್ ನೋಡುತ್ತಿದ್ದ ಜನರನ್ನೇ ಕೇಳಿದರು: ನಾಲ್ಕು ವರ್ಷದ ಹಿಂದೆ ಇದ್ದದ್ದಕ್ಕಿಂತ ನೀವು ಈಗ ಚೆನ್ನಾಗಿದ್ದೀರಾ? ವಾರ ಕಳೆಯುವಷ್ಟರಲ್ಲಿ 44 ರಾಜ್ಯಗಳು ರೇಗನ್ ಕೈಹಿಡಿದವು. ಅಂದಿನಿಂದ ಇಂದಿನವರೆಗೂ ಪ್ರತಿ ಚುನಾವಣೆಯಲ್ಲಿ ಒಬ್ಬರಲ್ಲ ಒಬ್ಬರು ಆ ಪ್ರಶ್ನೆಯನ್ನು ಎತ್ತುತ್ತಲೇ ಇದ್ದಾರೆ.

ಬೆಲೆ ಏರಿಕೆ ಅಂದರೆ ಒಂದು ಸಂಸಾರಕ್ಕೆ ಏನು ಅನ್ನುವುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡು. ಬೆಲೆಯ ಹಿಂದೆ ಬಡ್ಡಿಯೂ ಏರಿ, 1981ರ ಅಕ್ಟೋಬರಿನಲ್ಲಿ ಮನೆ ಸಾಲದ ಬಡ್ಡಿ ಶೇಕಡಾ 18 ದಾಟಿತ್ತು. 50 ಸಾವಿರ ಡಾಲರನ್ನು ಮೂವತ್ತು ವರ್ಷಕ್ಕೆ ಶೇಕಡಾ 18ರಂತೆ ಸಾಲ ತಂದರೆ ತಿಂಗಳ ಕಂತು ಸುಮಾರು 753 ಡಾಲರ್. ಅದೇ ಸಾಲಕ್ಕೆ ಶೇಕಡಾ 6ರ ಬಡ್ಡಿಯಾದರೆ 300 ಡಾಲರ್. ಮನೆ ಅದೇ, ಗೋಡೆ ಅದೇ, ಕಂತು ಮಾತ್ರ ಎರಡೂವರೆ ಪಟ್ಟು. ಮೂವತ್ತು ವರ್ಷ ಕಟ್ಟಿ ಮುಗಿಸುವಷ್ಟರಲ್ಲಿ 50 ಸಾವಿರದ ಸಾಲಕ್ಕೆ ಎರಡು ಲಕ್ಷ 70 ಸಾವಿರ ಡಾಲರ್ ತೆತ್ತಂತಾಯಿತು. ಹೊಸದಾಗಿ ಮದುವೆಯಾದವರು ಮನೆಯ ಆಸೆಯನ್ನೇ ಬಿಟ್ಟ ಕಾಲ ಅದು. ಹಣದುಬ್ಬರ ಅನ್ನುವುದು ಯಾವ ಶಾಸನಸಭೆಯೂ ಮತ ಹಾಕದೆ ವಸೂಲಿಯಾಗುವ ತೆರಿಗೆ. ಶೇರು, ಜಮೀನು ಇದ್ದವನು ತಪ್ಪಿಸಿಕೊಳ್ಳುತ್ತಾನೆ, ಸಂಬಳ ಮತ್ತು ಪಿಂಚಣಿ ನಂಬಿದವನು ಕಟ್ಟುತ್ತಾನೆ. ನನ್ನಂಥ ಕನ್ಸರ್ವೇಟಿವ್ ಮೊದಲು ಹೆದರಬೇಕಾದ್ದು ಇದಕ್ಕೆ.

ಆ ಹಣದುಬ್ಬರವನ್ನು ಮುರಿದವರು ಯಾರು ಗೊತ್ತೇ? ಇಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಮುಖ್ಯಸ್ಥ ಪಾಲ್ ವೋಲ್ಕರ್. 1979ರಲ್ಲಿ ಅವರನ್ನು ನೇಮಿಸಿದ್ದು ಡೆಮಾಕ್ರಾಟ್ ಕಾರ್ಟರ್. ವೋಲ್ಕರ್ ಬಡ್ಡಿಯನ್ನು ಎಲ್ಲಿಗೆ ಏರಿಸಿದರೆಂದರೆ, 1982ರ ಕೊನೆಗೆ ನಿರುದ್ಯೋಗ ಶೇಕಡಾ 10.8 ಮುಟ್ಟಿತು. ಆ ವರ್ಷದ ಮಧ್ಯಾವಧಿ ಚುನಾವಣೆಯಲ್ಲಿ ರಿಪಬ್ಲಿಕನ್ನರು ಪ್ರತಿನಿಧಿ ಸಭೆಯಲ್ಲಿ 26 ಸ್ಥಾನ ಕಳೆದುಕೊಂಡರು. ಆದರೂ ರೇಗನ್ ವೋಲ್ಕರ್ ಕೈ ಕಟ್ಟಿಹಾಕಲಿಲ್ಲ. 1983ರಲ್ಲಿ ಮತ್ತೆ ಅದೇ ಹುದ್ದೆಗೆ ನೇಮಿಸಿದರು. ಅಷ್ಟರಲ್ಲಿ ಹಣದುಬ್ಬರ ಶೇಕಡಾ ಮೂರರ ಆಸುಪಾಸಿಗೆ ಇಳಿದಿತ್ತು. 1984ರಲ್ಲಿ 49 ರಾಜ್ಯಗಳು ರೇಗನ್ ಅವರನ್ನು ಮತ್ತೆ ಗೆಲ್ಲಿಸಿದವು. ಜನ ಕಷ್ಟವನ್ನು ಸಹಿಸುತ್ತಾರೆ ಪುಟ್ಟಿ, ಅದರ ಕೊನೆಯಲ್ಲಿ ಒಳ್ಳೆಯದಾಗುತ್ತದೆ ಎಂಬ ಭರವಸೆ ಹುಟ್ಟಿಸುವ ನಾಯಕ ಬೇಕು.

ಇದಕ್ಕೆ ತದ್ವಿರುದ್ಧವಾದದ್ದು ಅದಕ್ಕೂ ಹತ್ತು ವರ್ಷ ಹಿಂದೆ ನಡೆದಿತ್ತು. 1972ರ ಚುನಾವಣೆಗೆ ಮುಂಚೆ ಬಡ್ಡಿ ಇಳಿಸಿ, ಹಣ ಹರಿಯಬಿಡಿ ಎಂದು ಆಗಿನ ಫೆಡರಲ್ ರಿಸರ್ವ್ ಮುಖ್ಯಸ್ಥ ಆರ್ಥರ್ ಬರ್ನ್ಸ್ ಮೇಲೆ ಅಧ್ಯಕ್ಷ ನಿಕ್ಸನ್ ಒತ್ತಡ ಹಾಕಿದ್ದು ಶ್ವೇತಭವನದ ಧ್ವನಿಮುದ್ರಿಕೆಗಳಲ್ಲೇ ಇದೆ. ನಿಕ್ಸನ್ ನಮ್ಮ ಪಕ್ಷದವರೇ. ಆ ದಶಕದ ಬೆಲೆ ಏರಿಕೆಗೆ ತೈಲದ ಬಿಕ್ಕಟ್ಟೂ ಕಾರಣ, ಆದರೆ ಈ ಸಡಿಲುತನದ ಪಾಲೂ ಅದರಲ್ಲಿತ್ತು. ಅದಕ್ಕೇ 2025ರಲ್ಲಿ ಅಧ್ಯಕ್ಷ ಟ್ರಂಪ್ ಬಡ್ಡಿ ಇಳಿಸಿ ಎಂದು ಆಗಿನ ಫೆಡರಲ್ ರಿಸರ್ವ್ ಮುಖ್ಯಸ್ಥ ಜೆರೋಮ್ ಪೊವೆಲ್ ಮೇಲೆ ಬಹಿರಂಗವಾಗಿ ಒತ್ತಡ ಹಾಕಿದಾಗ ನನಗೆ ಅದು ಸರಿಕಾಣಲಿಲ್ಲ. ನಾನು ಓಟು ಹಾಕಿದವರು ಮಾಡಿದರೂ ತಪ್ಪು ತಪ್ಪೇ. ಬಡ್ಡಿ ಇಳಿಸಿಕೊಡುತ್ತೇನೆ ಎಂದು ಯಾವ ಅಭ್ಯರ್ಥಿಯೇ ಹೇಳಲಿ, ಅದು ಅವನ ಕೈಯಲ್ಲಿರುವ ಕೆಲಸವಲ್ಲ, ಇರಲೂ ಬಾರದು.

ಎರಡನೆಯ ಮಾತು. ಅಂಗಡಿಯಲ್ಲಿ ಕಂಡ ಬೆಲೆಯನ್ನೆಲ್ಲ ಅಧ್ಯಕ್ಷರ ಲೆಕ್ಕಕ್ಕೆ ಬರೆಯಬೇಡ. ಮೊಟ್ಟೆಯದನ್ನೇ ನೋಡು. 2025ರ ಮಾರ್ಚಿನಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ 6.23 ಡಾಲರಿಗೆ ಹೋಯಿತು. ಅದಕ್ಕೂ ಮುಂಚೆ ಬೆಲೆ ಏರಿದಾಗ ರಿಪಬ್ಲಿಕನ್ನರು ಆಗಿನ ಅಧ್ಯಕ್ಷ ಬೈಡನ್ ಅವರನ್ನು ಬೈದರು, ಆಮೇಲೆ ಡೆಮಾಕ್ರಾಟರು ಟ್ರಂಪ್ ಅವರನ್ನು ಬೈದರು. ಕೋಳಿಗಳನ್ನು ಕೊಂದದ್ದು ಹಕ್ಕಿಜ್ವರ. ರೋಗ ಬಂದ ಫಾರಮ್ಮಿನಲ್ಲಿ ಇದ್ದಬದ್ದ ಕೋಳಿಗಳನ್ನೆಲ್ಲ ತೆಗೆಯಬೇಕಾಯಿತು, ಹೊಸ ಮರಿಗಳು ಬೆಳೆದು ಮೊಟ್ಟೆ ಇಡಲು ಕಾಲ ಹಿಡಿಯುತ್ತದೆ. ಜುಲೈ ಹೊತ್ತಿಗೆ ನಾಲ್ಕು ಡಾಲರಿನ ಕೆಳಗೆ ಬಂತು. ಇದರಲ್ಲಿ ಬೈಡನ್ ತಪ್ಪೂ ಇಲ್ಲ, ಟ್ರಂಪ್ ಜಾಣ್ಮೆಯೂ ಇಲ್ಲ.

ಹಾಗಾದರೆ 2024ರಲ್ಲಿ ಬೆಲೆ ಏರಿಕೆ ನೋಡಿ ಓಟು ಹಾಕಿದ್ದು ಯಾಕೆ ಅಂತ ಕೇಳುತ್ತೀಯ. ಕೇಳಬೇಕಾದ್ದೇ. ಒಂದು ಸಾಮಾನಿನ ಬೆಲೆ ಏರುವುದು ಬೇರೆ, ಎಲ್ಲ ಸಾಮಾನಿನ ಬೆಲೆ ಒಟ್ಟಿಗೆ ಏರುವುದು ಬೇರೆ. 2022ರ ಜೂನಿನಲ್ಲಿ ಹಣದುಬ್ಬರ ಶೇಕಡಾ 9.1 ತಲುಪಿತು, ನಾಲ್ಕು ದಶಕಗಳಲ್ಲೇ ಅಷ್ಟು ಆಗಿರಲಿಲ್ಲ. ಕೋವಿಡ್‌ನಿಂದ ಸರಕು ಸಾಗಣೆ ಕೆಟ್ಟದ್ದು, ಉಕ್ರೇನ್ ಯುದ್ಧ, ಎರಡೂ ಕಾರಣಗಳು. ಮೂರನೆಯ ಕಾರಣ, ಸಾಲ ಮಾಡಿ ಹಂಚಿದ ಹಣ. 2020ರ ಮಾರ್ಚಿನಲ್ಲಿ 2.2 ಲಕ್ಷ ಕೋಟಿ ಡಾಲರಿನ ಪರಿಹಾರ ಕಾಯ್ದೆಗೆ ಸಹಿ ಹಾಕಿದ್ದು ಟ್ರಂಪ್. ಆಗ ಊರೆಲ್ಲ ಬಾಗಿಲು ಹಾಕಿತ್ತು, ಅದು ಬೇಕಿತ್ತು. 2021ರ ಮಾರ್ಚಿನಲ್ಲಿ, ದೇಶ ಚೇತರಿಸಿಕೊಳ್ಳುತ್ತಿದ್ದಾಗ, ಬೈಡನ್ ಮತ್ತೆ 1.9 ಲಕ್ಷ ಕೋಟಿ ಸುರಿದರು. ಅತಿಯಾಯಿತು ಎಂದು ಅವರ ಪಕ್ಷದವರೇ ಆದ ಅರ್ಥಶಾಸ್ತ್ರಜ್ಞ, ಕ್ಲಿಂಟನ್ ಕಾಲದ ಖಜಾನೆ ಕಾರ್ಯದರ್ಶಿ ಲ್ಯಾರಿ ಸಮರ್ಸ್ ಆಗಲೇ ಎಚ್ಚರಿಸಿದ್ದರು. ಬೈಡನ್ ಅವಧಿ ಮುಗಿಯುವ ಹೊತ್ತಿಗೆ ಒಟ್ಟು ಬೆಲೆಮಟ್ಟ ನಾಲ್ಕು ವರ್ಷದ ಹಿಂದಿನದಕ್ಕಿಂತ ಸುಮಾರು ಶೇಕಡಾ 20ರಷ್ಟು ಮೇಲಿತ್ತು. ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತಲ್ಲ, ಏರುವ ವೇಗ ಕಡಿಮೆಯಾಯಿತು ಅಂತ ಅಷ್ಟೆ. ಅಂಕಿಅಂಶ ತೋರಿಸಿ ಎಲ್ಲ ಚೆನ್ನಾಗಿದೆ ಅಂದವರ ಮಾತು ಜನಕ್ಕೆ ಹಿಡಿಸದೆ ಹೋದದ್ದು ಇದರಿಂದಲೇ.

ಅಧ್ಯಕ್ಷರ ಕೈಗೆ ಸಿಗದ ಸಂಗತಿಗಳು ಇನ್ನೂ ಬಹಳ ಇವೆ. 1992ರಲ್ಲಿ ಅಧ್ಯಕ್ಷರಾಗಿದ್ದ ದೊಡ್ಡ ಬುಷ್ ಅವರನ್ನು ಆರ್ಥಿಕ ಹಿಂಜರಿತ ಸೋಲಿಸಿತು ಅನ್ನುತ್ತಾರೆ. ಆ ಹಿಂಜರಿತ 1991ರ ಮಾರ್ಚಿಗೇ ಮುಗಿದಿತ್ತು. ಹಾಗೆಂದು ಅರ್ಥಶಾಸ್ತ್ರಜ್ಞರ ಸಮಿತಿ ಅಧಿಕೃತವಾಗಿ ಘೋಷಿಸಿದ್ದು 1992ರ ಡಿಸೆಂಬರಿನಲ್ಲಿ, ಬುಷ್ ಸೋತ ಮರುತಿಂಗಳು. ಅಷ್ಟರಲ್ಲಿ ಕೆಲಸ ಹುಡುಕುತ್ತಿದ್ದವರಿಗೆ ಕೆಲಸ ಸಿಕ್ಕಿರಲಿಲ್ಲ, ಅವರ ಸಿಟ್ಟೂ ನ್ಯಾಯವೇ.

ನಮ್ಮ ರಾಜ್ಯದ ಯಂಗ್ಸ್‌ಟೌನ್ ಊರಿನ ಕಥೆ ಕೇಳು. 1977ರ ಸೆಪ್ಟೆಂಬರ್ 19, ಸೋಮವಾರ, ಅಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆ ಮುಚ್ಚುತ್ತೇವೆ ಅಂತ ಪ್ರಕಟಿಸಿತು. ಐದು ಸಾವಿರ ಜನರ ಕೆಲಸ ಹೋಯಿತು. ಇಂದಿಗೂ ಅಲ್ಲಿನವರು ಅದನ್ನು ಕರಾಳ ಸೋಮವಾರ ಅಂತಲೇ ಕರೆಯುತ್ತಾರೆ. ದಾವಣಗೆರೆಯಲ್ಲಿ ಗಿರಣಿಗಳು ಒಂದೊಂದಾಗಿ ನಿಂತದ್ದನ್ನು ಕಂಡ ನಮ್ಮ ಮನೆಯವರಿಗೆ ಆ ನೋವನ್ನು ಬಿಡಿಸಿ ಹೇಳಬೇಕಿಲ್ಲ. ನಲವತ್ತು ವರ್ಷ ಕಳೆದು, 2017ರ ಜುಲೈನಲ್ಲಿ ಟ್ರಂಪ್ ಅದೇ ಊರಿಗೆ ಬಂದು, ಕೆಲಸಗಳೆಲ್ಲ ವಾಪಸ್ ಬರುತ್ತವೆ, ಮನೆ ಮಾರಬೇಡಿ ಅಂದರು. 2019ರ ಮಾರ್ಚಿನಲ್ಲಿ ಪಕ್ಕದ ಲಾರ್ಡ್ಸ್‌ಟೌನಿನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆಯಿಂದ ಕೊನೆಯ ಕಾರು ಹೊರಬಂತು. ಟ್ರಂಪ್ ಬೇಕೆಂದು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಸಣ್ಣ ಕಾರುಗಳನ್ನು ಜನ ಕೊಳ್ಳುವುದು ಕಡಿಮೆ ಮಾಡಿದ್ದರು, ಅದನ್ನು ಯಾವ ಅಧ್ಯಕ್ಷನೂ ಆಜ್ಞೆ ಹೊರಡಿಸಿ ತಿರುಗಿಸಲಾರ. ಅದಕ್ಕೇ, ನಿನ್ನ ಕೆಲಸವನ್ನು ನಾನು ಉಳಿಸಿಕೊಡುತ್ತೇನೆ ಅನ್ನುವ ಅಭ್ಯರ್ಥಿಯ ಮಾತು ನಂಬಿ ಮನೆಯ ವಿಷಯದಲ್ಲಿ ತೀರ್ಮಾನ ಮಾಡಬೇಡ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಅಧ್ಯಕ್ಷ ಮತ್ತು ಇಲ್ಲಿನ ಸಂಸತ್ತಾದ ಕಾಂಗ್ರೆಸ್ ಸೇರಿ ನಿಜವಾಗಿಯೂ ಮಾಡಬಲ್ಲದ್ದು ಒಂದಿದೆ. ಅದು ಸಾಲ. ರೇಗನ್ ಅಧಿಕಾರಕ್ಕೆ ಬಂದಾಗ ಈ ದೇಶದ ಸಾಲ ಒಂದು ಲಕ್ಷ ಕೋಟಿ ಡಾಲರಿಗೂ ಕಡಿಮೆ ಇತ್ತು, ಹೋಗುವಾಗ ಎರಡೂವರೆ ಲಕ್ಷ ಕೋಟಿ ದಾಟಿತ್ತು. ಕಿರಿಯ ಬುಷ್ ಅವಧಿಯಲ್ಲಿ ಅದು 6 ಲಕ್ಷ ಕೋಟಿಯ ಒಳಗಿಂದ 10 ಲಕ್ಷ ಕೋಟಿಯ ಮೇಲಕ್ಕೆ ಹೋಯಿತು. ಒಬಾಮ ಬಿಟ್ಟುಹೋದಾಗ ಸುಮಾರು 20, ಟ್ರಂಪ್ ಮೊದಲ ಅವಧಿ ಮುಗಿಸಿದಾಗ 27ಕ್ಕೂ ಮೇಲೆ, ಬೈಡನ್ ಕೆಳಗಿಳಿದಾಗ 36 ಲಕ್ಷ ಕೋಟಿ. ಹಸುಗೂಸಿನಿಂದ ಮುದುಕರವರೆಗೆ ತಲೆಗೆ ಒಂದು ಲಕ್ಷ ಡಾಲರಿಗೂ ಹೆಚ್ಚು. ಈ ಪಟ್ಟಿಯಲ್ಲಿ ಎರಡೂ ಪಕ್ಷಗಳ ಹೆಸರು ಇರುವುದನ್ನು ಗಮನಿಸು. 2024ರ ಹಣಕಾಸು ವರ್ಷದಲ್ಲಿ ಈ ಸಾಲದ ಬಡ್ಡಿಗೆ ಕಟ್ಟಿದ ಹಣ ದೇಶದ ರಕ್ಷಣಾ ವೆಚ್ಚವನ್ನೂ ಮೀರಿತು. ಸೈನಿಕನಿಗೆ ಕೊಡುವುದಕ್ಕಿಂತ ಸಾಲ ಕೊಟ್ಟವನಿಗೆ ಕೊಡುವುದೇ ಹೆಚ್ಚಾಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ದೇಶಕ್ಕೆ ಅನ್ವಯಿಸುವುದಿಲ್ಲ, ಸರ್ಕಾರ ಸಂಸಾರವಲ್ಲ ಎಂದು ಓದಿದವರು ವಾದಿಸುತ್ತಾರೆ. ನಿಜ, ಸಂಸಾರಸ್ಥ ನೋಟು ಅಚ್ಚು ಹಾಕಲಾರ. ಆದರೆ ಸರ್ಕಾರ ಹಾಗೆ ಹಣ ಹೆಚ್ಚಿಸಿದಾಗ ಏನಾಗುತ್ತದೆ ಅನ್ನುವುದನ್ನು 2022ರಲ್ಲಿ ದಿನಸಿ ಅಂಗಡಿಯ ರಸೀದಿಯಲ್ಲೇ ನೋಡಿದೆವಲ್ಲ. ಯುದ್ಧ ಬಂದಾಗ, ಸಾಂಕ್ರಾಮಿಕ ಬಂದಾಗ ಸಾಲ ಮಾಡಬೇಕು, ಬೇಡ ಅನ್ನುವುದಿಲ್ಲ. ಒಳ್ಳೆಯ ಕಾಲದಲ್ಲೂ ಸಾಲ ಮಾಡುತ್ತಲೇ ಇರುವುದನ್ನು ನಾನು ಒಪ್ಪುವುದಿಲ್ಲ.

ನಮ್ಮ ಪಕ್ಷದವರು ತೆರಿಗೆ ಇಳಿಸಿದರೆ ಉದ್ಯಮ ಬೆಳೆದು ಕೊರತೆ ತಾನಾಗಿಯೇ ತುಂಬುತ್ತದೆ ಅನ್ನುತ್ತಾರೆ. ತೆರಿಗೆ ಇಳಿಸಬೇಕು ಅನ್ನುವುದು ನನ್ನ ನಂಬಿಕೆಯೂ ಹೌದು. ರೇಗನ್ ಬಂದಾಗ ಶೇಕಡಾ 70 ಇದ್ದ ಅತ್ಯುನ್ನತ ದರ 1981 ಮತ್ತು 1986ರ ಕಾಯ್ದೆಗಳಿಂದ 28ಕ್ಕೆ ಇಳಿದದ್ದು, ಅದೂ ಎರಡೂ ಪಕ್ಷಗಳ ಓಟಿನಿಂದ, ನನ್ನ ದೃಷ್ಟಿಯಲ್ಲಿ ದೊಡ್ಡ ಕೆಲಸ. ಆದರೆ ತೆರಿಗೆ ಇಳಿಸಿ ಖರ್ಚು ಇಳಿಸದಿದ್ದರೆ ತೆರಿಗೆ ಇಳಿದಂತಾಗುವುದಿಲ್ಲ, ಮುಂದಿನವರ ಮೇಲೆ ಹೋದಂತಾಗುತ್ತದೆ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ತೆರಿಗೆ ಮತ್ತು ವೆಚ್ಚದ ಕಾಯ್ದೆ ಹತ್ತು ವರ್ಷದಲ್ಲಿ ಕೊರತೆಗೆ 3.4 ಲಕ್ಷ ಕೋಟಿ ಡಾಲರ್ ಸೇರಿಸುತ್ತದೆ ಎಂದು ಕಾಂಗ್ರೆಸ್ಸಿನ ಬಜೆಟ್ ಕಚೇರಿಯೇ ಅಂದಾಜು ಮಾಡಿತು. ಅದನ್ನು ಕಟ್ಟುವವಳು ನೀನು, ನಿನ್ನ ಮಕ್ಕಳು. ಎದುರು ಪಕ್ಷ ಇಷ್ಟೇ ಸಾಲ ಮಾಡಿದ್ದರೆ ನಾನು ಬೀದಿಗಿಳಿದು ಕೂಗುತ್ತಿದ್ದೆ. ಹಾಗಿರುವಾಗ ಇಲ್ಲಿ ಸುಮ್ಮನಿದ್ದರೆ ನನ್ನ ನಂಬಿಕೆಗೆ ಬೆಲೆ ಏನು ಬಂತು?

ಆಗದ ಕೆಲಸ ಅಂತ ತಿಳಿಯಬೇಡ. 1998ರಿಂದ 2001ರವರೆಗೆ ಸತತ ನಾಲ್ಕು ವರ್ಷ ಅಮೆರಿಕದ ಬಜೆಟ್ಟಿನಲ್ಲಿ ಹಣ ಮಿಕ್ಕಿತ್ತು. ಅಧ್ಯಕ್ಷ ಕ್ಲಿಂಟನ್ ಡೆಮಾಕ್ರಾಟ್, ಕಾಂಗ್ರೆಸ್ ರಿಪಬ್ಲಿಕನ್ನರ ಕೈಯಲ್ಲಿ. ಒಬ್ಬರ ಖರ್ಚಿಗೆ ಇನ್ನೊಬ್ಬರು ಅಡ್ಡ ನಿಂತರು, ಆರ್ಥಿಕತೆಯೂ ಚೆನ್ನಾಗಿ ನಡೆಯಿತು. 1983ರಲ್ಲಿ, ನಿವೃತ್ತರಿಗೆ ಪಿಂಚಣಿ ಕೊಡುವ ಸೋಶಿಯಲ್ ಸೆಕ್ಯುರಿಟಿ ನಿಧಿ ಬರಿದಾಗುವ ಹಂತ ತಲುಪಿದಾಗ ರೇಗನ್ ಮತ್ತು ಡೆಮಾಕ್ರಾಟ್ ಸ್ಪೀಕರ್ ಟಿಪ್ ಓ'ನೀಲ್ ಕೂತು ಮಾತಾಡಿ, ತೆರಿಗೆಯನ್ನು ಸ್ವಲ್ಪ ಏರಿಸಿ, ನಿವೃತ್ತಿ ವಯಸ್ಸನ್ನು ನಿಧಾನವಾಗಿ 65ರಿಂದ 67ಕ್ಕೆ ಒಯ್ದರು. ಇಬ್ಬರ ಬೆಂಬಲಿಗರಿಗೂ ಸ್ವಲ್ಪ ಸ್ವಲ್ಪ ನೋವಾಯಿತು, ನಿಧಿ ಉಳಿಯಿತು.

ನಿನ್ನ ಸಂಬಳದ ಚೀಟಿ ತೆಗೆದು ನೋಡು. ಸೋಶಿಯಲ್ ಸೆಕ್ಯುರಿಟಿಗೆ ಶೇಕಡಾ 6.2, ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ 1.45 ಹಿಡಿದಿರುತ್ತಾರೆ. ನಿನ್ನ ಕಂಪನಿಯೂ ಅಷ್ಟೇ ಕಟ್ಟುತ್ತದೆ. ಆ ದುಡ್ಡು ನಿನ್ನ ಹೆಸರಿನ ಪೆಟ್ಟಿಗೆಯಲ್ಲಿ ಕೂತಿರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಹೋಗುವುದು ನನ್ನಂಥ ನಿವೃತ್ತರ ಈ ತಿಂಗಳ ಪಿಂಚಣಿಗೆ, ಚಿಕಿತ್ಸೆಗೆ. ಹೀಗೇ ಮುಂದುವರಿದರೆ ನಿವೃತ್ತಿ ನಿಧಿಯಲ್ಲಿ ಕೂಡಿಟ್ಟದ್ದು 2033ರ ಹೊತ್ತಿಗೆ ಮುಗಿಯುತ್ತದೆ, ಆಮೇಲೆ ಕೊಡಬೇಕಾದ್ದರಲ್ಲಿ ಮುಕ್ಕಾಲು ಭಾಗದಷ್ಟು ಮಾತ್ರ ಕೊಡಲು ಸಾಧ್ಯ ಎಂದು ಅದರ ಟ್ರಸ್ಟಿಗಳೇ 2025ರ ವರದಿಯಲ್ಲಿ ಬರೆದಿದ್ದಾರೆ. ಆದರೂ ಎರಡೂ ಪಕ್ಷದ ಅಭ್ಯರ್ಥಿಗಳು ಮುಟ್ಟುವುದಿಲ್ಲ, ಮುಟ್ಟುವುದಿಲ್ಲ ಎಂದು ಭಾಷಣ ಮಾಡುತ್ತಾರೆ. ಮುಟ್ಟದಿದ್ದರೆ ಅದು ತಾನಾಗಿಯೇ ಕಡಿತವಾಗುತ್ತದೆ. ನನ್ನ ವಯಸ್ಸಿನವರ ಓಟು ಹೋದೀತು ಎಂಬ ಭಯದಿಂದ ನಿನ್ನ ವಯಸ್ಸಿನವರಿಗೆ ನಿಜ ಹೇಳುತ್ತಿಲ್ಲ. ಯಾವ ಅಭ್ಯರ್ಥಿ ಬಾಯಿಬಿಟ್ಟು ಇದಕ್ಕೊಂದು ದಾರಿ ಹೇಳುತ್ತಾನೋ, ಆ ದಾರಿ ನಿನಗೆ ಒಪ್ಪಿಗೆಯಾಗದಿದ್ದರೂ, ಅವನ ಮಾತಿಗೆ ಕಿವಿಗೊಡು.

ಸುಂಕದ ವಿಷಯದಲ್ಲಿ ನಾನು ಹಳೆಯ ಕಾಲದ ಕನ್ಸರ್ವೇಟಿವ್. ಹೊರದೇಶದ ಸಾಮಾನಿನ ಮೇಲೆ ಹಾಕುವ ಸುಂಕವನ್ನು ಹೊರದೇಶದವನು ಕಟ್ಟುತ್ತಾನೆ ಅನ್ನುವ ಮಾತನ್ನು ನಂಬಬೇಡ. ಬಂದರಿನಲ್ಲಿ ಅದನ್ನು ಕಟ್ಟುವವನು ಸಾಮಾನು ತರಿಸಿಕೊಳ್ಳುವ ಅಮೆರಿಕದ ವ್ಯಾಪಾರಿ. ಕೊನೆಗೆ ಎಷ್ಟೋ ಭಾಗ ಗಿರಾಕಿಯ ತಲೆಗೇ ಬರುತ್ತದೆ. ಯುದ್ಧಕಾಲಕ್ಕೆ ಬೇಕಾದ ಉಕ್ಕು, ಕಂಪ್ಯೂಟರ್ ಚಿಪ್, ಔಷಧಿ ನಮ್ಮಲ್ಲೇ ತಯಾರಾಗಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಒಹಾಯೊದಲ್ಲಿ ಮೇರಿಸ್ವಿಲ್ ಹತ್ತಿರ ಹೋಂಡಾ ಕಂಪನಿ 1982ರಲ್ಲಿ ಕಾರು ತಯಾರಿಸಲು ಆರಂಭಿಸಿತಲ್ಲ, ಅದರ ನಿರ್ಧಾರವಾದದ್ದು 1980ರಲ್ಲಿ, ಜಪಾನಿನ ಕಾರುಗಳ ಆಮದಿಗೆ ಮಿತಿ ಬರುವ ಮುಂಚೆಯೇ. ಒಳ್ಳೆಯ ಕೆಲಸಗಾರರು, ಒಳ್ಳೆಯ ರಸ್ತೆ, ನಂಬಬಹುದಾದ ಕಾನೂನು ಇದ್ದರೆ ಕಾರ್ಖಾನೆ ಬರುತ್ತದೆ. 2002ರಲ್ಲಿ ಕಿರಿಯ ಬುಷ್ ಉಕ್ಕಿನ ಮೇಲೆ ಹಾಕಿದ ಸುಂಕವನ್ನು ಮರುವರ್ಷವೇ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. 2025ರ ಆಗಸ್ಟಿನಲ್ಲಿ ಭಾರತದ ಬಹುಪಾಲು ಸರಕಿನ ಮೇಲೆ ಶೇಕಡಾ 50ರ ಸುಂಕ ಬಿದ್ದಾಗ, ಅಮೆರಿಕಕ್ಕೆ ಬಟ್ಟೆ ಹೊಲಿಯುವ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಿಗೂ ಬಿಸಿ ತಟ್ಟಿತು, ಇಲ್ಲಿ ಆ ಬಟ್ಟೆ ಕೊಳ್ಳುವವರಿಗೂ ತಟ್ಟಿತು. ಸಂವಿಧಾನ ಸುಂಕ ಹಾಕುವ ಅಧಿಕಾರ ಕೊಟ್ಟಿರುವುದು ಕಾಂಗ್ರೆಸ್ಸಿಗೆ. ಬೆಳಿಗ್ಗೆ ಒಂದು ದರ, ಸಂಜೆ ಒಂದು ದರ ಆದರೆ ಯಾವ ವ್ಯಾಪಾರಿಯೂ ಬಂಡವಾಳ ಹಾಕಲಾರ.

ನಮ್ಮವರ ವೀಸಾದ ಬಗ್ಗೆ ಎರಡು ಮಾತು. ನೀನು ಬಂದದ್ದು ಎಚ್-1ಬಿ ಉದ್ಯೋಗ ವೀಸಾದ ಮೇಲೆ. ಆ ವೀಸಾ ಹುಟ್ಟಿದ್ದು ರಿಪಬ್ಲಿಕನ್ ಅಧ್ಯಕ್ಷರಾದ ದೊಡ್ಡ ಬುಷ್ 1990ರಲ್ಲಿ ಸಹಿ ಹಾಕಿದ ಕಾಯ್ದೆಯಿಂದ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹಾಕಿದಾಗ ನಮ್ಮ ಕನ್ನಡ ಕೂಟದ ಎಷ್ಟೋ ಮನೆಗಳಲ್ಲಿ ಚಿಂತೆ ಶುರುವಾಯಿತು. ಗಡಿಗೆ ಕಾವಲಿರಬೇಕು, ಕಾನೂನು ಎಲ್ಲರಿಗೂ ಒಂದೇ ಆಗಿರಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಕಾನೂನಿನ ಬಾಗಿಲಿನಿಂದ ದುಡಿಯಲು ಬರುವವರಿಗೆ ಬಾಗಿಲನ್ನು ಕಿರಿದು ಮಾಡುವುದು ಮಾತ್ರ ದುಡಿಮೆಯನ್ನು ಗೌರವಿಸುವ ಪಕ್ಷದ ಲಕ್ಷಣವಲ್ಲ. ಹಾಗಿದ್ದರೂ ಒಂದೇ ವಿಷಯ ಹಿಡಿದು ಓಟು ಹಾಕಬೇಡ. ನೀನು ಈಗ ಈ ದೇಶದ ಪ್ರಜೆ. ಯಂಗ್ಸ್‌ಟೌನಿನ ಕಾರ್ಮಿಕನ ಮಗನ ಹಿತವೂ ನಿನ್ನ ಹಿತವೇ ಅಂದುಕೊಂಡು ಯೋಚಿಸು.

ಮತಪತ್ರ ಕೈಗೆ ಬಂದಾಗ ಅಧ್ಯಕ್ಷರ ಹೆಸರಿಗೆ ಗುರುತು ಹಾಕಿ ಎದ್ದುಬಿಡಬೇಡ. ಕೆಳಗಡೆ ಉದ್ದದ ಪಟ್ಟಿ ಇರುತ್ತದೆ. ತೆರಿಗೆಯ ಮಸೂದೆ ಶುರುವಾಗಬೇಕಾದ್ದು ಪ್ರತಿನಿಧಿ ಸಭೆಯಲ್ಲಿ, ಹಾಗಾಗಿ ಖಜಾನೆಯ ಬೀಗದ ಕೈ ಇರುವುದು ನಿನ್ನ ಕ್ಷೇತ್ರದ ಪ್ರತಿನಿಧಿಯ ಹತ್ತಿರ. ಒಹಾಯೊದಲ್ಲಿ ಶಾಲೆಗೆ ಹೆಚ್ಚಿನ ಆಸ್ತಿ ತೆರಿಗೆ ಬೇಕಾದರೆ ಊರಿನವರ ಓಟು ಕೇಳುತ್ತಾರೆ. ಲೆವಿ ಅನ್ನುತ್ತಾರೆ ಅದಕ್ಕೆ. ಎಷ್ಟು ಹಣ, ಎಷ್ಟು ವರ್ಷಕ್ಕೆ, ಯಾವ ಕೆಲಸಕ್ಕೆ ಎಂದು ಮತಪತ್ರದಲ್ಲೇ ಬರೆದಿರುತ್ತದೆ. ಶಾಲೆಗೆ ನಿಜವಾಗಿ ಬೇಕಿದ್ದಾಗ ನಾನು ಹೌದು ಅಂದಿದ್ದೇನೆ, ಲೆಕ್ಕ ಸರಿ ಕಾಣದಿದ್ದಾಗ ಬೇಡ ಅಂದಿದ್ದೇನೆ. ಸರ್ಕಾರ ದುಡ್ಡು ಕೇಳಬೇಕಾದ ರೀತಿ ಅದು. ವಾಷಿಂಗ್ಟನ್ನಿನವರೂ ಹಾಗೆ ಕೇಳುವಂತೆ ಮಾಡುವುದೇ ನಮ್ಮ ಕೆಲಸ.

ಇನ್ನೊಂದು ಮಾತು. ನಮ್ಮ ಭಾರತೀಯರಲ್ಲಿ ಹೆಚ್ಚಿನವರು ಡೆಮಾಕ್ರಾಟರಿಗೆ ಓಟು ಹಾಕುವವರು. ನಿಮ್ಮತ್ತೆಯೂ ಎಷ್ಟೋ ಸಲ ನನಗೆ ಎದುರಾಗಿಯೇ ಹಾಕಿದ್ದಾಳೆ, ಮನೆ ಒಡೆದಿಲ್ಲ. ಯುಗಾದಿ ಊಟದ ಪಂಕ್ತಿಯಲ್ಲಿ ಯಾರಾದರೂ ನಿನ್ನ ಅಭಿಪ್ರಾಯ ಕೇಳಿ ಮುಖ ಸಿಂಡರಿಸಿದರೆ ಬೇಸರ ಮಾಡಿಕೊಳ್ಳಬೇಡ, ನೀನೂ ಸಿಂಡರಿಸಬೇಡ. ಬಡವರ ಬಗ್ಗೆ ಕಾಳಜಿ ಅವರಿಗೆ ಮಾತ್ರ ಇದೆ ಅಂತ ಅವರು ತಿಳಿಯಬಾರದು, ದೇಶದ ಬಗ್ಗೆ ಪ್ರೀತಿ ನಮಗೆ ಮಾತ್ರ ಇದೆ ಅಂತ ನಾವೂ ತಿಳಿಯಬಾರದು.

ಓಟು ಹಾಕುವ ಮುನ್ನ ಪ್ರತಿ ಅಭ್ಯರ್ಥಿಯನ್ನೂ ಇಷ್ಟು ಕೇಳಿ ನೋಡು. ಈ ಭರವಸೆಗೆ ಹಣ ಎಲ್ಲಿಂದ? ಸಾಲವಾದರೆ ತೀರಿಸುವವರು ಯಾರು? ಇದು ನಿಜವಾಗಿ ಅಧ್ಯಕ್ಷರ ಕೈಯಲ್ಲಿದೆಯೇ, ಕಾಂಗ್ರೆಸ್ಸಿನ ಕೈಯಲ್ಲಿದೆಯೇ, ಯಾರ ಕೈಯಲ್ಲೂ ಇಲ್ಲವೇ? ತನ್ನ ಬೆಂಬಲಿಗರಿಗೆ ಕಹಿಯಾಗುವ ಒಂದಾದರೂ ಮಾತನ್ನು ಈತ ಹೇಳಿದ್ದಾನೆಯೇ? ನಾಲ್ಕಕ್ಕೂ ಉತ್ತರ ಸಿಗುವ ಅಭ್ಯರ್ಥಿ ಅಪರೂಪ. ಹೆಚ್ಚು ಉತ್ತರ ಕೊಟ್ಟವರಿಗೆ ಹಾಕು, ಅವರು ನನ್ನ ಪಕ್ಷದವರಾಗದಿದ್ದರೂ ನನಗೆ ಬೇಸರವಿಲ್ಲ. ಗೆದ್ದವರು ನೀನು ಆರಿಸಿದವರೇ ಆಗಿದ್ದರೆ ನಿನ್ನ ಜವಾಬ್ದಾರಿ ಇಮ್ಮಡಿ. ಬಜೆಟ್ ಬಂದಾಗ ನಿನ್ನ ಪ್ರತಿನಿಧಿಯ ಕಚೇರಿಗೆ ಪತ್ರ ಬರೆ, ಫೋನು ಮಾಡು, ಊರಿನ ಸಭೆಗೆ ಹೋಗಿ ಎದ್ದು ನಿಂತು ಲೆಕ್ಕ ಕೇಳು. ಸೋತ ಪಕ್ಷದವರು ಕೇಳಿದರೆ ಅದು ವಿರೋಧ ಅನ್ನಿಸಿಕೊಳ್ಳುತ್ತದೆ. ಗೆಲ್ಲಿಸಿದವರೇ ಕೇಳಿದರೆ ಅವರು ಉತ್ತರ ಕೊಡಲೇಬೇಕಾಗುತ್ತದೆ.

ಇಂತಿ ನಿನ್ನ ಸೋದರಮಾವ